ಝೈತುನಜ್ಜಿಯ ಅಣ್ಣನ ಉತ್ತರ

ಬಾರ್ತಾಂಗ್ ಕಣಿವೆ, ಶುಕ್ರವಾರ

ಪರಮಪೂಜ್ಯ ಅಕ್ಕನವರಲ್ಲಿ ಅಧಮ ತಮ್ಮನ ಬಿನ್ನಹ.

ಇಲ್ಲಿ ಸೇತುವೆಯಿಲ್ಲ, ಎದುರಿಗೇ ಕಾಣುವ ಹೊಳೆಯಾಚೆಯ ಊರಿಗೆ ಸುತ್ತಿ ಹೋದರೆ ಎರಡು ದಿನದ ದಾರಿ. ಹಾಗಾಗಿ ನಂಟಸ್ತಿಕೆಯೆಲ್ಲ ಕೂಗಿನಲ್ಲೇ. ನಾನು ಇಳಿದುಕೊಂಡಿರುವ ಮನೆಯ ಝೈತುನಜ್ಜಿ ದಿನಾ ಸಂಜೆ "ಅಣ್ಣಾ, ಇದೀಯೇನೋ?" ಎಂದು ಕೂಗುತ್ತಾಳೆ. ಆಚೆಯಿಂದ "ಇದೀನಿ ಕಣೇ" ಎಂದು ಬಂದರಷ್ಟೇ ಉಣ್ಣುತ್ತಾಳೆ. ಸೋಮವಾರ ಉತ್ತರ ಬರಲಿಲ್ಲ. ತಮಾಷೆಗೆ ನಾನೇ ಬಂಡೆಯ ಹಿಂದೆ ನಿಂತು ಉತ್ತರಿಸಿದೆ. ಮರುದಿನ ಆಚೆಯವರು, ಅಣ್ಣ ಸತ್ತು ಎರಡು ದಿನವಾಯಿತೆಂದು ಕೂಗಿ ಹೇಳಿದರು.

"ಯಾರಿಗ್ರೋ ಸುಳ್ಳು ಹೇಳ್ತೀರಾ? ನಿನ್ನೆ ಮಾತಾಡ್ದನಲ್ಲ" ಎಂದು ಅಜ್ಜಿ ಗದರಿದಳು. ಅವಳು ಉಪವಾಸ ಬೀಳಬಾರದೆಂದು ಆಮೇಲೂ ನಾನೇ ಅಣ್ಣನಾದೆ.

ಕೂಗಿ ಕೂಗಿ ಗಂಟಲು ಕಟ್ಟಿದೆ, ಔಷಧಿ ಕಳಿಸು. ನಿನ್ನೆ ದನಿಯೇ ಹೊರಡದೆ ಅಜ್ಜಿಯ ಪಕ್ಕದಲ್ಲೇ ಕೂತಿದ್ದೆ. ಆದರೂ ಉತ್ತರ ಬಂತು.

"ಮೂರು ದಿನದಿಂದ ಯಾರದೋ ದನಿ ಇದ್ದಂಗಿತ್ತು. ಇವತ್ತು ಸರಿಹೋಯ್ತು ನೋಡು" ಎಂದಳು ಅಜ್ಜಿ.

ಟಪಾಲಿನ ಜೀಪು ಹೊರಟಿದೆ, ಈ ಕಾರ್ಡು ಕೊಡಬೇಕು.

ಇಮತ್‌ಶೋ