ಟೋಪಿಗೆ ಸಿಕ್ಕಿಸಿದ ರಟ್ಟು

ಕ್ಲಿಯರ್ ಲೇಕ್, ಟೆಕ್ಸಸ್

ನಾನೇ ಹೆಸರಿಟ್ಟು ಕುದುರೆ ಹತ್ತಿಸಿದ ರಫಾಯೆಲ್‌ಗೆ,

ಸುಮಾರು ನೂರತೊಂಬತ್ತು ವರ್ಷಗಳ ಹಿಂದೆ ಟೆಕ್ಸಸ್‌ನ ವಲಸಿಗರು ಮೆಕ್ಸಿಕೋ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಕತೆಯನ್ನು ಕನ್ನಡದಲ್ಲಿ ಕಾದಂಬರಿ ಮಾಡುತ್ತಿದ್ದೇನೆ. ನೀನೇ ಅದರ ನಾಯಕ. ತುಂಬಿದ ಹೊಳೆ ದಾಟಿಸಿದೆ, ಗುಂಡು ತಪ್ಪಿಸಿದೆ, ಹನ್ನೊಂದು ಅಧ್ಯಾಯ ಸರಾಗವಾಗಿ ಓಡಿತು. ಹನ್ನೆರಡನೆಯದರಲ್ಲಿ ನಿನ್ನ ಟೋಪಿ ನನ್ನನ್ನು ಹಿಡಿದು ನಿಲ್ಲಿಸಿತು.

ಆ ವಲಸಿಗರು ಬರುವ ಮುಂಚಿನಿಂದಲೂ ನೀನು ಇಲ್ಲಿಯವನು, ಹೋರಾಡಿದ್ದೂ ಅವರ ಪರವಾಗಿಯೇ. ಆದರೆ ನಿನ್ನ ಮಾತು ಸ್ಪ್ಯಾನಿಷ್, ಶತ್ರುಗಳಾದ ಮೆಕ್ಸಿಕೋದವರದ್ದೂ ಅದೇ. ಮುಖವೂ ಅವರಂತೆಯೇ. ಹಾಗಾಗಿ ಕೊನೆಯ ಕಾಳಗದ ದಿನ ನಿನ್ನಂಥವರೆಲ್ಲ ಟೋಪಿಗೆ ಒಂದು ತುಂಡು ರಟ್ಟು ಸಿಕ್ಕಿಸಿಕೊಂಡಿದ್ದರಂತೆ, ನಿಮ್ಮ ಕಡೆಯವರೇ ಗುಂಡು ಹಾರಿಸಬಾರದೆಂದು. ಕಾಳಗ ಅರ್ಧ ಗಂಟೆಯೊಳಗೆ ಮುಗಿಯಿತು. ಆ ರಟ್ಟನ್ನು ಯಾವಾಗ ತೆಗೆದೆ? ಆ ಸಂಜೆಯೇ? ಮನೆ ಸೇರಿದ ಮೇಲೆಯೇ? ನಾನು ನೋಡಿದ ಯಾವ ಪುಸ್ತಕವೂ ಹೇಳಲಿಲ್ಲ.

ನಿನಗೇಕೆ ಈ ಉಸಾಬರಿ ಎನ್ನಬೇಡ. ಈ ಬಡಾವಣೆಗೆ ಬಂದ ಹೊಸತರಲ್ಲಿ ವಾಕಿಂಗ್ ಹೋಗಿದ್ದಾಗ ಒಬ್ಬ ಕಾರು ನಿಲ್ಲಿಸಿ, ನಿನ್ನ ಮನೆ ಯಾವುದು ಎಂದು ಅನುಮಾನದಿಂದ ಕೇಳಿದ. ಮರುದಿನದಿಂದ ಆಫೀಸಿನ ಬ್ಯಾಡ್ಜನ್ನು ಕೊರಳಿಗೆ ಹಾಕಿಕೊಂಡೇ ವಾಕಿಂಗ್ ಹೊರಟೆ. "ಗಣೇಶನ ಹಬ್ಬದ ದಿನ ಪಂಚೆ ಮೇಲೂ ಅದನ್ನೇ ಹಾಕ್ಕೊಂಡು ಹೋಗ್ತೀರಲ್ರೀ!" ಎಂದು ಹೆಂಡತಿ ಸುಚೇತಾ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಬ್ಯಾಡ್ಜ್ ಮಾತ್ರ ಒಂಬತ್ತು ವರ್ಷ ಕೊರಳು ಬಿಡಲಿಲ್ಲ.

ಮೊನ್ನೆ ಸಂಜೆ ಹನ್ನೆರಡು ವರ್ಷದ ಮಗಳು ಪ್ರಗತಿ ಮೊದಲ ಸಲ ಒಬ್ಬಳೇ ವಾಕಿಂಗ್ ಹೊರಟಳು. ಬಾಗಿಲಲ್ಲಿ ನಿಂತು ಸ್ಕೂಲ್ ಐಡಿಯನ್ನು ಕೊರಳಿಗೆ ಹಾಕಿಕೊಂಡಳು. ಯಾಕಮ್ಮಾ ಎಂದೆ.

"ವಾಕ್ ಹೋಗೋಕೆ ಐಡಿ ಬೇಕಲ್ವಾ ಅಪ್ಪಾ?"

ಈ ದೇಶದಲ್ಲೇ ಹುಟ್ಟಿದ ಮಗು, ರಫಾಯೆಲ್! ಅವಳನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ. ಕಲಿಸಿದವನು ನಾನು.

ಅವಳ ಐಡಿ ಬಿಚ್ಚಿಸಿದೆ, ನನ್ನದನ್ನೂ ಬಿಚ್ಚಿದೆ, ಎರಡನ್ನೂ ಕಾರಿನ ಕೀ ಹಾಕುವ ಕೊಕ್ಕೆಗೆ ನೇತುಹಾಕಿದೆ. ಅವಳು ಹೋದಳು. ನಾನು ಬಾಗಿಲಲ್ಲೇ ನಿಂತೆ. ಬೀದಿಯಲ್ಲಿ ಯಾವುದೇ ಕಾರು ನಿಧಾನವಾದರೂ ಜೀವ ಬಾಯಿಗೆ ಬರುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದವಳು ಕೇಳಿದ್ದು ತಿನ್ನಲು ಏನಿದೆ ಎಂದಷ್ಟೇ.

ಹನ್ನೆರಡನೇ ಅಧ್ಯಾಯ ಇವತ್ತು ಮುಗಿಯಿತು. ಯುದ್ಧ ಗೆದ್ದು ನೀನು ಮನೆಗೆ ಬರುತ್ತೀಯ. ರಟ್ಟು ಇನ್ನೂ ಟೋಪಿಯಲ್ಲೇ ಇದೆ. ಅಂಗಳದಲ್ಲಿ ಆಡುತ್ತಿರುವ ಮಗಳು ತಲೆಯೆತ್ತುವ ಮೊದಲು ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೀಯ. ನಿಜ ಬೇರೆಯಾಗಿದ್ದರೆ ಕ್ಷಮಿಸು.

ನಿನ್ನ ಕುದುರೆಗೆ ಹುಲ್ಲು, ನಿನಗೆ ನೆರಳು ಸದಾ ಸಿಗಲಿ.

ಬರಿಗೊರಳಿನ,
ಸುಧೀಂದ್ರ