ಬೇಸ್ ಇಲ್ಲದ ಆರ್ಕೆಸ್ಟ್ರಾ

ಜೋಗ ರಸ್ತೆ, ಸಾಗರ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಯೋಗರಾಜನಿಗೆ, ನಿನ್ನ ಅತ್ತಿಗೆಯ ಆಶೀರ್ವಾದಗಳು.

ಹೇಗಿದ್ದೀಯ? ಹಡಗು ಓಲಾಡುವಾಗ ಹೊಟ್ಟೆ ತೊಳಸುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೇ? ಬಿಳಿ ಕೋಟು ಹಾಕಿಕೊಂಡು ಹಡಗಿನ ಬ್ಯಾಂಡಿನವರ ಜೊತೆ ನಿಂತ ಫೋಟೋ ಕಳಿಸಿದ್ದೆಯಲ್ಲ. ಅತ್ತೆ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, "ಕೆನ್ನೆ ಒಳಗೆ ಹೋಗಿದೆ. ಅಲ್ಲಿ ಅನ್ನ ಹಾಕ್ತಾರೋ ಬರೀ ಬ್ರೆಡ್ಡೋ?" ಎಂದು ಎರಡು ದಿನ ಕೊರಗಿದರು. ಕೋಟಿನ ಕತ್ತು ಬಿಗಿಯಾದ್ದರಿಂದ ಹಾಗೆ ಕಾಣುತ್ತದೆ ಎಂದು ನಾನೇ ಸಮಾಧಾನ ಮಾಡಿದೆ. ಅವರ ಮಂಡಿನೋವು ಹಾಗೇ ಇದೆ. ಬಿಂದುಶ್ರೀ ಚೆನ್ನಾಗಿ ಓದುತ್ತಿದ್ದಾಳೆ. ಚಿಕ್ಕಪ್ಪ ಯಾವ ದೇಶದ ಹತ್ತಿರ ಇದ್ದಾನೆ ಎಂದು ದಿನವೂ ಭೂಪಟದಲ್ಲಿ ಬೆರಳಿಟ್ಟು ಹುಡುಕುತ್ತಾಳೆ.

ಫೋನ್ ಇರುವಾಗ ಅತ್ತಿಗೆ ಯಾಕೆ ಕಾಗದ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಣ್ಣ ಪಕ್ಕದಲ್ಲೇ ಕೂತಿರುತ್ತಾರೆ. ಮೆಸೇಜ್ ಹಾಕೋಣವೆಂದರೆ ನನ್ನ ಫೋನ್ ಮನೆಯವರೆಲ್ಲರ ಕೈಯಲ್ಲಿ ತಿರುಗುತ್ತದೆ. ನಿನ್ನ ಹಡಗಿನ ಕಂಪನಿಯ ಮುಂಬೈ ಆಫೀಸಿಗೆ ಕಾಗದ ಹಾಕಿದರೆ ಮುಂದಿನ ಬಂದರಿನಲ್ಲಿ ಕೈಗೆ ಸಿಗುತ್ತದೆ ಎಂದು ನೀನೇ ಹೇಳಿದ್ದು ನೆನಪಾಯಿತು. ಇದು ನಾನು ನಿಮ್ಮಣ್ಣನಿಗೆ ತಿಳಿಸದೆ ಬರೆಯುತ್ತಿರುವ ಕಾಗದ. ಓದಿ ಗಾಬರಿಯಾಗಬೇಡ. ಆದರೆ ಪೂರ್ತಿ ಓದು.

ನೀನು ಹೋದಮೇಲೆ ಗಣಪತಿ ಹಬ್ಬದ ಕಾರ್ಯಕ್ರಮಗಳು ಒಂದರ ಹಿಂದೆ ಒಂದು ಬಂದವು. ನಿನ್ನ ಜಾಗದಲ್ಲಿ ಬೇಸ್ ಗಿಟಾರ್ ನುಡಿಸಲು ಬೇರೆ ಯಾರೂ ಬೇಡ, ಆ ತಗ್ಗಿನ ಸ್ವರಗಳನ್ನು ತಾನೇ ಕೀಬೋರ್ಡಿನಲ್ಲಿ ಎಡಗೈಯಿಂದ ನೋಡಿಕೊಳ್ಳುತ್ತೇನೆ ಎಂದ ನಮ್ಮ ಕೀಬೋರ್ಡಿನ ಪೂರ್ಣೇಶ್. ನಾವೂ ಒಪ್ಪಿದೆವು. ಅವನು ಜಾಣ. ನೀನು ನುಡಿಸುತ್ತಿದ್ದ ಸ್ವರಗಳನ್ನು ಒಂದೂ ಬಿಡದೆ ನುಡಿಸಿದ. ಆದರೂ ಹಾಡಲು ನಿಂತರೆ ನನಗೆ ಉಸಿರು ಸಾಲದು. ಪಲ್ಲವಿ ಮುಗಿದು ಚರಣ ಹಿಡಿಯುವ ಮೊದಲು ಒಂದು ಚೂರು ಜಾಗ ಸಿಗುತ್ತಿತ್ತಲ್ಲ, ಅದು ಇಲ್ಲ. ಆಮೇಲೆ ಹೊಳೆಯಿತು, ಆ ಜಾಗವನ್ನು ನೀನು ಮಾಡಿಕೊಡುತ್ತಿದ್ದೆ. ಹಿಂದೆ ನಿಂತು ನನ್ನ ಭುಜ ನೋಡುತ್ತಿದ್ದೆ. ಭುಜ ಮೇಲೇಳುವುದು ಕಂಡರೆ ಒಂದು ಸ್ವರ ಬಿಟ್ಟುಬಿಡುತ್ತಿದ್ದೆ, ನಾನು ಉಸಿರು ತೆಗೆದುಕೊಂಡ ಮೇಲೆ ಬಂದು ಸೇರುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಡ್ರಮ್ಸಿನ ನಿಮ್ಮಣ್ಣನಿಗೂ ನಿನಗೂ ಬೆನ್ನು ಮಾಡಿ ನಿಂತು ಹಾಡಿದ್ದೇನೆ. ನನ್ನ ಗಂಟಲೇ ಚೆನ್ನಾಗಿದೆ ಎಂದುಕೊಂಡಿದ್ದೆ ಮಾರಾಯ.

ತುಮರಿಯ ಕಾರ್ಯಕ್ರಮಕ್ಕೆ ಹೊಸ ಸೇತುವೆಯ ಮೇಲೆ ಹೋದೆವು. ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವ ಕೆಲಸವಿರಲಿಲ್ಲ. ಹಾಗಾಗಿ ಬೇಗ ತಲುಪಿ ಎಲ್ಲ ಸರಿಯಾಗಿಯೇ ಜೋಡಿಸಿಕೊಂಡೆವು. ಪ್ರತಿವರ್ಷ ಮುಂದೆ ಬಂದು ಕುಣಿಯುವ ಆ ದೊಡ್ಡಮ್ಮ ಗೊತ್ತಲ್ಲ, ಎರಡು ಹಾಡಿಗೆ ಕುಣಿದು ಹೋಗಿ ಕೂತರು. ಮುಗಿದ ಮೇಲೆ ನನ್ನ ಹತ್ತಿರ ಬಂದು, "ಎಂತಾ ಆಯ್ತೇ ನಿಮ್ಗೆ? ಈ ಸಲ ಹಾಡು ಕಿವೀಗೆ ಬಂತು, ಕಾಲಿಗೆ ಬರ್ಲಿಲ್ಲ" ಎಂದರು. ನಾನು ನಕ್ಕೆ. ನಿಮ್ಮಣ್ಣ ನಗಲಿಲ್ಲ. ಡ್ರಮ್ಮುಗಳನ್ನು ಬಿಚ್ಚಿ ಚೀಲಕ್ಕೆ ತುಂಬುತ್ತಿದ್ದವರು ಅಲ್ಲೇ ಕೂತುಬಿಟ್ಟರು.

ಹೊಸನಗರದ್ದು ಮದುವೆಯ ಆರತಕ್ಷತೆ, ಮಧ್ಯಾಹ್ನದ ಊಟದ ಹೊತ್ತಿಗೆ. ಮದುಮಕ್ಕಳೇ ಕೇಳಿದರೆಂದು ವೇಗದ ಹಾಡೊಂದನ್ನು ಎತ್ತಿಕೊಂಡೆವು. ಅರ್ಧಕ್ಕೆ ಬರುವಷ್ಟರಲ್ಲಿ ಹಾಡು ಜಗ್ಗತೊಡಗಿತು. ನಿಮ್ಮಣ್ಣನ ಕೈ ಒಂದು ಕಡೆ, ಕಾಲಿನಿಂದ ಒದೆಯುವ ದೊಡ್ಡ ಡ್ರಮ್ ಒಂದು ಕಡೆ. ಒಮ್ಮೆ ಹಿಂದೆ ಬೀಳುತ್ತಾರೆ, ಅದು ತಮಗೇ ಗೊತ್ತಾಗಿ ಗಾಬರಿಯಿಂದ ಓಡುತ್ತಾರೆ. ಯಾರನ್ನು ಹಿಡಿದು ಹಾಡಬೇಕೋ ತಿಳಿಯದೆ ನಾನು ಚರಣವನ್ನೇ ತಪ್ಪಿದೆ. ಕುಣಿಯುತ್ತಿದ್ದ ಹುಡುಗಿಯರು ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡು ಹಾಗೇ ಸತ್ತುಹೋಯಿತು. ಮೈಕ್ ಇನ್ನೂ ಆನ್ ಇರುವಾಗಲೇ ಪೂರ್ಣೇಶ್ ನಿಮ್ಮಣ್ಣನ ಕಡೆ ತಿರುಗಿ, "ಗೌತಮಣ್ಣಾ, ಹಗಲೇ ಕುಡ್ಕಂಡು ಬಂದ್ರಾ?" ಎಂದುಬಿಟ್ಟ. ಊಟದ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. ಹಬ್ಬದ ದಿನವೂ ಒಂದು ಗುಟುಕು ಮುಟ್ಟದ ಮನುಷ್ಯ. ಎರಡೂ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು. ಆಗ ನೋಡಿದೆ, ಬಲಗೈಯ ಹೆಬ್ಬೆರಳು ತಾನಾಗಿಯೇ ಅಲುಗುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನಿಂತಿದ್ದರು. ನಾನು ಹಾಕಲು ಹೋದೆ. ಕೈ ತಳ್ಳಿದರು. "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದೆ. ಹಾಸಿಗೆಯ ಮೇಲೆ ಕೂತು ಹೇಳತೊಡಗಿದರು. ಆಚೆ ವರ್ಷ, ನೀನು ಇನ್ನೂ ಇಲ್ಲೇ ಇದ್ದಾಗಿನ ಗಣಪತಿ ಹಬ್ಬಕ್ಕೂ ಮೊದಲೇ ಬಲಗಾಲು ಭಾರವಾಗುತ್ತಿತ್ತಂತೆ. ಪೆಡಲ್ ಒದೆಯಬೇಕೆಂದು ಮನಸ್ಸು ಹೇಳಿದ ಮೇಲೂ ಕಾಲು ತಡ ಮಾಡುತ್ತಿತ್ತಂತೆ. "ಯೋಗಿ ಇದ್ನಲ್ಲ. ನನ್ ಕಾಲು ಬರ್ದೇ ಇದ್ದಲ್ಲಿ ತಂತಿ ಮೇಲೆ ಅಂಗೈ ಒತ್ತಿ ಧಪ್ ಅನ್ಸೋನು. ಕೇಳ್ದೋರಿಗೆ ಡ್ರಮ್ಮೇ ಅನ್ಸ್ಬೇಕು, ಹಂಗೆ. ನಾನು ಓಡಿದ್ರೆ ಹಿಂದಕ್ಕೆ ಎಳೆಯೋನು, ಬಿದ್ರೆ ಎತ್ತೋನು. ಅವ್ನೂ ಒಂದಿನ ಬಾಯ್ಬಿಟ್ಟು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಇಷ್ಟು ಹೇಳಿ ಅತ್ತರು, ಯೋಗರಾಜ. ಮಾವ ಹೋದಾಗಲೂ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಹಡಗಿನ ಕೆಲಸ ಬಂದಾಗ ನೀನು ಒಲ್ಲೆ ಎಂದಿದ್ದೆ. ಅವರು ಹಟ ಹಿಡಿದು, "ಹೊರಡ್ತೀಯೋ ಇಲ್ಲ ಆರ್ಕೆಸ್ಟ್ರಾನೇ ಮುಚ್ಲೋ?" ಎಂದು ಕೂಗಾಡಿದ್ದರು. ತಮ್ಮನ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ಅತ್ತೆಯೂ ನಾನೂ ಬೇಸರ ಮಾಡಿಕೊಂಡಿದ್ದೆವು. ಅದನ್ನೂ ಕೇಳಿದೆ. "ಅವ್ನು ಇಲ್ಲೇ ಇದ್ದಿದ್ರೆ ನನ್ನ ಹೊರೋದ್ರಲ್ಲೇ ಅವನ ಆಯುಸ್ಸು ಮುಗೀತಿತ್ತು. ಅಷ್ಟು ಚಂದ ನುಡಿಸೋನಿಗೆ ಅದೊಂದೇ ಕೆಲ್ಸನಾ?" ಎಂದರು. ನೀನು ಹೋದರೆ ತಮ್ಮ ಕೊರತೆಯೆಲ್ಲ ಜನರ ಮುಂದೆ ಬೀಳುತ್ತದೆ ಎಂದು ಗೊತ್ತಿದ್ದೇ ನಿನ್ನನ್ನು ಕಳಿಸಿದ್ದಾರೆ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ನರರೋಗದ ಡಾಕ್ಟರಿಗೆ ತೋರಿಸಿದೆ. ನಡೆಸಿ ನೋಡಿದರು, ಬೆರಳು ಆಡಿಸಲು ಹೇಳಿದರು, ತೋಳು ಹಿಡಿದು ಬಗ್ಗಿಸಿದರು. ಪಾರ್ಕಿನ್ಸನ್ ಕಾಯಿಲೆಯಂತೆ. ಪೂರ್ತಿ ವಾಸಿಯಾಗುವುದಲ್ಲ, ಆದರೆ ಮಾತ್ರೆಗೆ ಹಿಡಿತದಲ್ಲಿರುತ್ತದೆ, ವ್ಯಾಯಾಮ ಬಿಡಬಾರದು ಎಂದರು. ಯಾವಾಗಿನಿಂದ ಎಂದು ಕೇಳಿ ತಿಳಿದ ಮೇಲೆ, "ಮೊದ್ಲೇ ಬಂದಿದ್ರೆ ಇಷ್ಟು ದಿನ ಇಷ್ಟು ಒದ್ದಾಡೋದು ತಪ್ತಿತ್ತು. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?" ಎಂದರು. ಗೊತ್ತಾಗಿತ್ತು ಡಾಕ್ಟ್ರೇ, ಗೊತ್ತಾದವನು ಅದನ್ನು ಯಾರ ಕಿವಿಗೂ ಬೀಳದ ಹಾಗೆ ಮುಚ್ಚಿದ ಎಂದು ಹೇಗೆ ಹೇಳಲಿ?

ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಹಿಂದೆ ಹೆಗ್ಗೋಡಿನಲ್ಲಿ ಕಾರ್ಯಕ್ರಮ ಮುಗಿದಾಗ ಓದುವ ಹುಡುಗರು ನಿನ್ನನ್ನು ಸುತ್ತುವರಿದು, ಒಳ್ಳೆಯ ಬೇಸ್ ಗಿಟಾರಿಸ್ಟ್ ಆಗಬೇಕಾದರೆ ಏನು ಬೇಕು ಎಂದು ಕೇಳಿದ್ದರು. ಬೆರಳಿನ ವೇಗವೋ ಶಾಸ್ತ್ರಜ್ಞಾನವೋ ಏನಾದರೂ ಹೇಳುತ್ತೀಯ ಎಂದು ಅವರು ಕಾದಿದ್ದರೆ, "ಡ್ರಮ್ಸ್ ನುಡಿಸೋನ ತಮ್ಮ ಆಗಿ ಹುಟ್ಬೇಕು" ಎಂದು ನಗಿಸಿಬಿಟ್ಟೆ. ನಿಮ್ಮಣ್ಣನೂ ನಕ್ಕಿದ್ದರು. ತಮಾಷೆ ಎಂದುಕೊಂಡಿದ್ದೆ. ನಿನ್ನಷ್ಟು ದೊಡ್ಡ ಬೇಸ್ ವಾದಕನನ್ನು ನಾನು ಕೇಳಿಲ್ಲ, ಇದನ್ನು ಅತ್ತಿಗೆ ಎಂದು ಹೇಳುತ್ತಿಲ್ಲ, ಹಾಡುವವಳಾಗಿ ಹೇಳುತ್ತೇನೆ. ಗಿಟಾರ್ ಹಿಡಿದು ಮುಂದೆ ಬಂದು ಕುಣಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಒಬ್ಬೊಬ್ಬರ ಕೊರತೆಯನ್ನು ಕೇಳಿಸಿಕೊಂಡು ಅಲ್ಲಿಗೆ ಮಾತ್ರ ಹೋಗಿ ನಿಲ್ಲುತ್ತಿದ್ದೆ. ನನ್ನ ಉಸಿರಿಗೆ ಅದು ಸರಿ. ಆದರೆ ಅಣ್ಣನ ಕಾಯಿಲೆಗೂ ಅದನ್ನೇ ಮಾಡಿದೆಯಲ್ಲ. ಒಂದು ಸಲ ನನ್ನ ಹತ್ತಿರ, ಅತ್ತಿಗೆ, ಅಣ್ಣನ ಕಾಲು ನೋಡಿ ಎಂದಿದ್ದರೆ ಸಾಕಿತ್ತು.

ಇನ್ನು ತೀರ್ಥಹಳ್ಳಿಯ ವಿಷಯ. ಮಾತ್ರೆಯಿಂದ ಸ್ವಲ್ಪ ಸುಧಾರಿಸಿದ್ದರು, ಕೈ ಹಗುರವಾಗಿದೆ ಎನ್ನುತ್ತಿದ್ದರು. ಹತ್ತು ದಿನದ ಹಿಂದೆ, ಸಂಜೆ, ಅಲ್ಲಿನ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮಾವೇಶ. ಪೂರ್ಣೇಶ್ ಅದಕ್ಕೆ ಮೊದಲೇ ಮನೆಗೆ ಬಂದು ಅವರ ಕೈಹಿಡಿದು ಕ್ಷಮೆ ಕೇಳಿದ್ದ. ಕಾಯಿಲೆಯ ವಿಷಯ ನಾನೇ ಅವನಿಗೆ ಹೇಳಿದ್ದೆ. ಮೂರು ಹಾಡು ಚೆನ್ನಾಗಿಯೇ ಹೋಯಿತು. ನನಗೂ ಧೈರ್ಯ ಬಂತು. ನಾಲ್ಕನೆಯದರಲ್ಲಿ ಅವರ ಕಾಲು ನಿಂತಿತು. ಆದರೆ ದೊಡ್ಡ ಡ್ರಮ್ಮಿನ ಸದ್ದು ನಿಲ್ಲಲಿಲ್ಲ. ನಾನು ಓರೆಯಾಗಿ ನೋಡಿದರೆ ಪೂರ್ಣೇಶ್ ಕೀಬೋರ್ಡಿನ ಕೆಳಗಿನ ಸ್ವರಗಳನ್ನು ಎಡಗೈಯಿಂದ ಗುದ್ದುತ್ತಿದ್ದಾನೆ, ಥೇಟ್ ನಿನ್ನ ಹಾಗೆ. ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದನಂತೆ. ನನ್ನ ಕಣ್ಣು ತುಂಬಿತು, ಹಾಡು ಬಿಡಲಿಲ್ಲ.

ನಿಮ್ಮಣ್ಣ ಬಿಟ್ಟರು. ನಡುವೆಯೇ ಕೈ ನಿಲ್ಲಿಸಿದರು. ಎಂಥ ತಪ್ಪಾದರೂ ಡ್ರಮ್ಸ್ ಮಾತ್ರ ನಿಲ್ಲಬಾರದು ಎಂದು ನಿನಗೂ ನನಗೂ ಕಲಿಸಿದವರು ಅವರೇ. ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. "ನಂಗೆ ಪಾರ್ಕಿನ್ಸನ್ ಅಂತ ಕಾಯಿಲೆ ಇದೆ. ಕುಡಿದಿಲ್ಲ. ಇಷ್ಟು ದಿನ ನನ್ ತಮ್ಮ ಇದು ನಿಮ್ಗೆ ಕೇಳ್ದ ಹಾಗೆ ನೋಡ್ಕಂಡ. ಈಗ ಈ ಹುಡುಗ ನನ್ನ ಹೊರೋಕೆ ಶುರು ಮಾಡಿದಾನೆ. ಬ್ಯಾಡ. ನಂದು ಇಲ್ಲಿಗೆ ಸಾಕು" ಎಂದರು. ವೇದಿಕೆಯ ಮೆಟ್ಟಿಲು ಇಳಿಯುವಾಗ ಇಬ್ಬರು ಕೈ ಕೊಡಲು ಬಂದರು, ಹಿಡಿಯಲಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಆ ಚಪ್ಪಾಳೆ ಹಿಡಿಸಲಿಲ್ಲ. ಉಳಿದ ಹಾಡುಗಳನ್ನು ಡ್ರಮ್ಸ್ ಇಲ್ಲದೆ, ಅವರನ್ನೇ ನೋಡುತ್ತ ಹಾಡಿದೆ. ತೊಡೆಯ ಮೇಲೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಅದುಮಿ ಹಿಡಿದು ಕೂತಿದ್ದರು. ತಾಳ ಹಾಕಲಿಲ್ಲ.

ಅಂದಿನಿಂದ ನಿಮ್ಮಣ್ಣ ಡ್ರಮ್ಮುಗಳ ಮೇಲೆ ಹಳೆಯ ಜಮಖಾನ ಹೊದಿಸಿದ್ದಾರೆ. ಮಾತ್ರೆ ಕೊಟ್ಟರೆ ನುಂಗುತ್ತಾರೆ, ವ್ಯಾಯಾಮಕ್ಕೆ ಕರೆದರೆ ಗೋಡೆಯ ಕಡೆ ತಿರುಗುತ್ತಾರೆ. ಅತ್ತೆಗೆ ಕಾಯಿಲೆಯ ಹೆಸರು ಬಾಯಿಗೆ ಬಾರದು, "ಅವನ ನಡುಕ" ಎನ್ನುತ್ತಾರೆ. ನಿನಗೆ ತಿಳಿಸೋಣ ಎಂದರೆ ನಿಮ್ಮಣ್ಣ, "ಹೇಳ್ಬ್ಯಾಡ. ಎಲ್ಲ ಬಿಟ್ಟು ಓಡಿ ಬರ್ತಾನೆ. ಮತ್ತೆ ನನ್ನ ಹೊರೋಕೆ ಶುರು ಮಾಡ್ತಾನೆ" ಎನ್ನುತ್ತಾರೆ. ಅವರ ಇಷ್ಟ ಅದು, ನಿನಗೆ ತಿಳಿದಿರಲಿ. ಕೆಲಸ ಬಿಟ್ಟು ಬರುವ ಯೋಚನೆ ಮಾಡಬೇಡ. ಅಲ್ಲಿ ನಿನ್ನನ್ನು ಕೇಳುವ ಜನರಿದ್ದಾರೆ ಎಂಬುದೊಂದೇ ಅವರಿಗೆ ಈಗ ಇರುವ ಸಂತೋಷ.

ಊಟ ಸರಿಯಾಗಿ ಮಾಡು. ಡೆಕ್ಕಿನ ಗಾಳಿಗೆ ತಲೆಯೊಡ್ಡಿ ನಿಲ್ಲಬೇಡ. ಅತ್ತೆ ನಿನ್ನ ಹೆಸರಿನಲ್ಲಿ ದೇವರಿಗೆ ದೀಪ ಹಚ್ಚುತ್ತಾರೆ, ಬಿಂದು ಮುತ್ತು ಕಳಿಸಿದ್ದಾಳೆ. ಎಲ್ಲಿದ್ದರೂ ಕ್ಷೇಮವಾಗಿರು.

ನಿನ್ನ ಅತ್ತಿಗೆ,
ಸ್ವಪ್ನಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅವರು ಸ್ನಾನಕ್ಕೆ ಹೋಗಿದ್ದಾರೆ. ಬರಬೇಡ ಎಂದು ಮೇಲೆ ಬರೆದದ್ದು ಅವರ ಮಾತು. ನನ್ನ ಮಾತು ಬೇರೆ. ರಜೆ ಸಿಕ್ಕಿದ ಕೂಡಲೇ ಒಮ್ಮೆ ಬಾ, ಹದಿನೈದು ದಿನವಾದರೂ ಸರಿ. ನನ್ನ ಹತ್ತಿರವೂ ಅವರು ಹೇಳದೆ ಉಳಿಸಿಕೊಂಡದ್ದು ಇದೆ, ಅದು ನಿನಗೇ ಹೇಳಬೇಕಾದದ್ದು. ಆದರೆ ಗಿಟಾರ್ ಅಲ್ಲೇ ಬಿಟ್ಟು ಬಾ. ಅದು ನಿನ್ನ ಕೈಯಲ್ಲಿದ್ದರೆ ನೀವಿಬ್ಬರೂ ಮಾತಾಡುವುದಿಲ್ಲ.