ಅಪ್ಪನ ಹೊಟ್ಟೆಗೆ ಒಗ್ಗುವ ಊಟ

ಜುಬೈಲ್
14 ನವೆಂಬರ್ 2024

ಪ್ರೀತಿಯ ವಿಸ್ಮಯಾ,

ಆಶೀರ್ವಾದಗಳು. ಬರೆಯುವುದು ತಡವಾಯಿತು. ಫೋನಿನಲ್ಲೂ ಎರಡೇ ಮಾತಾಡಿ ಇಡುತ್ತೇನೆಂದು ಮುನಿಸಿಕೊಂಡಿದ್ದೀಯಲ್ಲ, ಈ ಪುಟ್ಟ ಫ್ಲ್ಯಾಟಿನಲ್ಲಿ ನಾನು ಏನು ಮಾತಾಡಿದರೂ ಅಪ್ಪನಿಗೆ ಕೇಳಿಸುತ್ತದೆ. ಅಪ್ಪನ ಜೊತೆ ಕೆಲಸ ಮಾಡುವ ನೌಶಾದ್ ನಾಳೆ ರಜೆಯಲ್ಲಿ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಕೊಲೆಸ್ಟರಾಲ್ ಹೆಚ್ಚೆಂದು ಗೊತ್ತಾದ ಮೇಲೆ ಅಪ್ಪ ಪಥ್ಯ ಹಿಡಿದರು. ಮೊಳಕೆ ಕಾಳು, ಹಸಿ ಸೌತೆ, ಕ್ಯಾರೆಟ್, ಫ್ರಿಜ್ಜಿನ ಮೊಸರು. ಎಲ್ಲ ಒಳ್ಳೆಯದೇ, ಆದರೆ ತಿಂದದ್ದು ಕರಗದೆ ಹೊಟ್ಟೆ ಉಬ್ಬರಿಸುತ್ತಿತ್ತು.

ಕೆಳಮನೆಯ ಯುನ್ ಅಕ್ಕ ಕೊರಿಯಾದಲ್ಲಿ ಅವರ ನಾಡಿನ ವೈದ್ಯ ಮಾಡುತ್ತಿದ್ದವರು. ಅಪ್ಪನ ನಾಡಿ ಹಿಡಿದು, ಅಂಗೈ ಮುಟ್ಟಿ, ಬಿಸಿನೀರು ಇಷ್ಟವೋ ತಣ್ಣೀರೋ ಎಂದು ಕೇಳಿದರು. ಆಮೇಲೆ, “ಸಲಾಡ್ ಕೆಟ್ಟದ್ದಲ್ಲ. ನನ್ನ ಗಂಡನದು ಉಷ್ಣದ ದೇಹ, ಅವರಿಗೆ ಹಿತ. ನಿಮ್ಮ ಹೊಟ್ಟೆ ತಂಪಿನದು, ಹಸಿಯದು ಭಾರ. ತರಕಾರಿ ಬೇಯಿಸಿ, ಶುಂಠಿ ಹಾಕಿ, ಬಿಸಿಬಿಸಿ ತಿನ್ನಿ. ಬೆಳಿಗ್ಗೆ ಅಕ್ಕಿ ಗಂಜಿ ಸಾಕು” ಎಂದರು.

ಅಪ್ಪ ನಕ್ಕುಬಿಟ್ಟರು. “ಎಂತ ಮಾರಾಯ್ತಿ, ಗಂಜಿ ಕುಡಿಲಿಕ್ಕೆ ಕೊರಿಯಾದವರು ಹೇಳ್ಬೇಕಾಯ್ತಾ!”

ಕೆಲವು ವಾರ ಹಿತವಾಗಿದ್ದರು. ಸಿಹಿಗುಂಬಳ ಬೇಯಿಸಿದರೆ ಬಟ್ಟಲು ಬರಿದಾಗುತ್ತಿತ್ತು. ಆಮೇಲೆ ಊಟ ಬಿಟ್ಟರು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಯುನ್ ಅಕ್ಕನನ್ನು ಕರೆದೆ. ಹೊಟ್ಟೆ ಒತ್ತಿ ನೋಡುತ್ತಿದ್ದ ಅವರ ಕೈ ಒಂದು ಕಡೆ ನಿಂತುಬಿಟ್ಟಿತು. “ಇದು ಊಟ ಬದಲಿಸಿದರೆ ಹೋಗುವುದಲ್ಲ ಪುಷ್ಪಾ. ಇವತ್ತೇ ಆಸ್ಪತ್ರೆಗೆ ಹೋಗಿ” ಎಂದರು. ಹೋಗಿ ಬಂದೆವು. ಅಪ್ಪ ಈಗ ಮನೆಯಲ್ಲೇ ಇದ್ದಾರೆ.

ಹಾಸ್ಟೆಲಿನ ಊಟ ಸೇರದಿದ್ದರೂ ಹಸಿದು ಮಲಗಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಪುಷ್ಪಾವತಿ

ಮತ್ತೆ: ಮೇಲೆ ಬರೆಯಲು ಕೈ ಬರಲಿಲ್ಲ. ಅದು ಕ್ಯಾನ್ಸರ್, ಮಗಾ. ಲಿವರಿಗೂ ಹರಡಿದೆಯಂತೆ. “ಮಗಳ ಪರೀಕ್ಷೆ ಮುಗಿಯುವವರೆಗೆ ಹೇಳ್ಬೇಡ” ಎಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಈಗ ನನಗೆ ಬೇಸರವಾದೀತೆಂದು ಕೊಟ್ಟದ್ದನ್ನೆಲ್ಲ ತಿಂದು, “ಇವತ್ತು ಒಳ್ಳೆದಾಗಿದೆ” ಎನ್ನುತ್ತಾರೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಾರೆ, ವಾಂತಿಯ ಸದ್ದು ನನಗೆ ಕೇಳಿಸಬಾರದೆಂದು. ನಾನೂ ಕೇಳದವಳ ಹಾಗೆ ಪಾತ್ರೆ ತೊಳೆಯುತ್ತೇನೆ. ಪರೀಕ್ಷೆಯನ್ನು ಮುಂದಿನ ವರ್ಷವೂ ಬರೆಯಬಹುದು. ನಿನ್ನ ಟಿಕೆಟ್ಟಿಗೆ ನೌಶಾದರಿಗೆ ಹೇಳಿದ್ದೇನೆ. ಬೇಗ ಬಾ.